ಹತ್ತೊಂಬತ್ತು ಎಳೆಗಳ ತಂತಿ: ಹಾಯಿದೋಣಿಯ ದುರಸ್ತಿಯೊಂದು ಕಲಿಸಿದ ಲೆಕ್ಕ

ಲೆಕ್ಕಪತ್ರಗಳಲ್ಲಿ ‘ದುರಸ್ತಿ ಮತ್ತು ನಿರ್ವಹಣೆ’ ಎಂಬ ಖಾತೆಯಷ್ಟು ಅನಾದರಕ್ಕೆ ಗುರಿಯಾದ ಖಾತೆ ಮತ್ತೊಂದಿಲ್ಲ. ಮಾರಾಟ ಕುಸಿದರೆ ಮಾಲೀಕರ ನಿದ್ರೆ ಕೆಡುತ್ತದೆ. ಬಡ್ಡಿ ಏರಿದರೆ ಬ್ಯಾಂಕಿನ ಮೆಟ್ಟಿಲು ಹತ್ತುತ್ತಾರೆ. ಆದರೆ ದುರಸ್ತಿಯ ವೆಚ್ಚ ಕಳೆದ ವರ್ಷಕ್ಕಿಂತ ಕಡಿಮೆಯಾಗಿದೆ ಎಂದರೆ ಎಲ್ಲರ ಮುಖವೂ ಅರಳುತ್ತದೆ. ಸುಮಾರು ಮೂರು ದಶಕಗಳ ವೃತ್ತಿಜೀವನದಲ್ಲಿ ಇಂತಹ ಅರಳಿದ ಮುಖಗಳನ್ನು ಅನೇಕ ಬಾರಿ ಕಂಡಿದ್ದೇನೆ. ಅವರೊಡನೆ ನಾನೂ ಸಂತೋಷಪಟ್ಟಿದ್ದೇನೆ. ಆ ಸಂತೋಷದ ನಿಜವಾದ ಬೆಲೆ ಏನೆಂಬುದನ್ನು ನನಗೆ ಕಲಿಸಿದ್ದು ಗಿರಣಿಯೂ ಅಲ್ಲ, ಕಾರ್ಖಾನೆಯೂ ಅಲ್ಲ, ಒಂದು ಹಾಯಿದೋಣಿ.

ಹುಬ್ಬಳ್ಳಿಯಲ್ಲಿ ಕುಳಿತ ಲೆಕ್ಕ ಪರಿಶೋಧಕನಿಗೂ ಸಮುದ್ರದ ಹಾಯಿದೋಣಿಗೂ ಏನು ಸಂಬಂಧವೆಂದು ಸದಸ್ಯ ಬಾಂಧವರು ಕೇಳಬಹುದು. ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರಾದ ಹೋಟೆಲ್ ಉದ್ಯಮಿಯೊಬ್ಬರು ಗೋವೆಯಲ್ಲಿ ಪ್ರವಾಸಿಗರನ್ನು ಸಮುದ್ರ ವಿಹಾರಕ್ಕೆ ಕರೆದೊಯ್ಯುವ ವ್ಯವಹಾರ ಆರಂಭಿಸಿದರು. 36 ಅಡಿ ಉದ್ದದ, ಬಳಸಿದ ಹಾಯಿದೋಣಿಯೊಂದನ್ನು ಕೊಂಡರು. ಅದರ ಲೆಕ್ಕಪತ್ರ, ತೆರಿಗೆ ಮತ್ತು ವಿಮೆಯ ಕಾಗದಗಳು ನಮ್ಮ ಕಚೇರಿಗೆ ಬರುತ್ತಿದ್ದವು. ಆ ದೋಣಿಯ ಮುಂದಿನ ಹಾಯಿ ಒಂದು ಮಧ್ಯಾಹ್ನ ಸುರುಳಿಯಾಗದೆ ಸಿಕ್ಕಿಹಾಕಿಕೊಂಡಿತು. ಅನಂತರ ನಡೆದದ್ದನ್ನು, ಅದರ ದುರಸ್ತಿಯ ಕ್ರಮವನ್ನು, ವಿಮೆ ಮತ್ತು ತೆರಿಗೆಯ ಅಂಶಗಳನ್ನು ಹಾಗೂ ಆ ಅನಾಹುತದಲ್ಲಿ ನನ್ನ ಪಾಲೆಷ್ಟಿತ್ತು ಎಂಬುದನ್ನು ಈ ಲೇಖನದಲ್ಲಿ ನಿವೇದಿಸಿದ್ದೇನೆ.

ದೋಣಿಯ ಅಂಗರಚನೆ

ವಿಷಯ ತಿಳಿಯಲು ದೋಣಿಯ ಮೇಲ್ಭಾಗದ ರಚನೆಯನ್ನು ಸ್ವಲ್ಪ ಅರಿಯಬೇಕು. ದೋಣಿಯ ನಡುವೆ ನಿಂತ ಎತ್ತರದ ಕಂಬವೇ ಕೂವೆಮರ. ಇಂದಿನ ದೋಣಿಗಳಲ್ಲಿ ಅದು ಸಾಮಾನ್ಯವಾಗಿ ಅಲ್ಯುಮಿನಿಯಂನದು. ಕೂವೆಮರ ತನ್ನ ಬಲದಿಂದ ನಿಲ್ಲುವುದಿಲ್ಲ. ಅದನ್ನು ನಾಲ್ಕೂ ಕಡೆಗಳಿಂದ ಉಕ್ಕಿನ ತಂತಿಗಳು ಹಿಡಿದು ನಿಲ್ಲಿಸುತ್ತವೆ. ಮುಂಭಾಗದ ತಂತಿಗೆ ಫೋರ್‌ಸ್ಟೇ, ಹಿಂಭಾಗದ್ದಕ್ಕೆ ಬ್ಯಾಕ್‌ಸ್ಟೇ, ಅಕ್ಕಪಕ್ಕದವುಗಳಿಗೆ ಶ್ರೌಡ್ ಎಂದು ಹೆಸರು. ಈ ವ್ಯವಸ್ಥೆಯನ್ನು ಒಟ್ಟಾಗಿ ರಿಗ್ಗಿಂಗ್ ಎನ್ನುತ್ತಾರೆ. ಇವುಗಳಲ್ಲಿ ಒಂದು ತಂತಿ ಹೋದರೂ ಕೂವೆಮರ ಉರುಳುವ ಸಂಭವವಿದೆ. ನಾಲ್ಕು ಪಾಲುದಾರರ ಸಂಸ್ಥೆಯಲ್ಲಿ ಒಬ್ಬರು ಏಕಾಏಕಿ ಬಂಡವಾಳ ಹಿಂತೆಗೆದುಕೊಂಡಂತೆ ಎನ್ನಬಹುದು.

ಈ ತಂತಿಗಳು ಬಹುಮಟ್ಟಿಗೆ ತುಕ್ಕುನಿರೋಧಕ ಉಕ್ಕಿನ 19 ಎಳೆಗಳನ್ನು ಹೊಸೆದು ಮಾಡಿದವು. 8 ಮಿಲಿಮೀಟರ್ ದಪ್ಪದ ಇಂತಹ ತಂತಿ ಸುಮಾರು 5 ಟನ್ ಎಳೆತವನ್ನು ತಡೆಯಬಲ್ಲದು. ತಂತಿಯ ಎರಡೂ ತುದಿಗಳಲ್ಲಿ ಯಂತ್ರದಿಂದ ಒತ್ತಿ ಕೂರಿಸಿದ ಉಕ್ಕಿನ ಕೊನೆಜೋಡಣೆಗಳಿರುತ್ತವೆ. ತಂತಿ ನಡುವೆ ತುಂಡಾಗುವುದು ಅಪರೂಪ. ಅದು ಸೋಲುವುದು ಹೆಚ್ಚಾಗಿ ಈ ಜೋಡಣೆಗಳ ಬಾಯಿಯಲ್ಲಿ.

ಹಳೆಯ ದೋಣಿಗಳಲ್ಲಿ ಮುಂದಿನ ಹಾಯಿಯನ್ನು ಇಳಿಸಬೇಕಾದರೆ ಒಬ್ಬನು ಅಲೆಯಲ್ಲಿ ನೆನೆಯುತ್ತ ದೋಣಿಯ ಮೂತಿಗೆ ಹೋಗಬೇಕಿತ್ತು. ಈ ಅಪಾಯವನ್ನು ತಪ್ಪಿಸಲು ಬಂದದ್ದು ಫರ್ಲರ್ ಎಂಬ ಸುರುಳಿ ಸಾಧನ. ಫೋರ್‌ಸ್ಟೇ ತಂತಿಯ ಸುತ್ತ ಫಾಯಿಲ್ ಎಂದು ಕರೆಯುವ ಅಲ್ಯುಮಿನಿಯಂ ಕೊಳವೆಯನ್ನು ಜೋಡಿಸಿ, ಅದರ ಗಾಡಿಯಲ್ಲಿ ಹಾಯಿಯ ಅಂಚನ್ನು ಏರಿಸುತ್ತಾರೆ. ಕೆಳಗೆ ಹಗ್ಗ ಸುತ್ತಿದ ಡ್ರಮ್, ಮೇಲೆ ಸ್ವಿವೆಲ್ ಎಂಬ ತಿರುಗುಕೊಂಡಿ. ಚುಕ್ಕಾಣಿಯ ಬಳಿ ಕುಳಿತವನು ಹಗ್ಗ ಎಳೆದರೆ ಡ್ರಮ್ ತಿರುಗಿ, ಹಾಯಿಯು ಚಾಪೆಯಂತೆ ಸುರುಳಿ ಸುತ್ತಿಕೊಳ್ಳುತ್ತದೆ. ಬಹಳ ಅನುಕೂಲವಾದ ಸಾಧನ. ಆದರೆ ಇದರಲ್ಲೊಂದು ತೊಡಕಿದೆ. ಕೂವೆಮರವನ್ನು ಹಿಡಿದ ಅತ್ಯಂತ ಮುಖ್ಯವಾದ ತಂತಿ ಈಗ ಕೊಳವೆಯೊಳಗೆ ಅಡಗಿದೆ, ಕಣ್ಣಿಗೆ ಕಾಣುವುದಿಲ್ಲ. ಕಾಣದ್ದನ್ನು ಯಾರೂ ತಪಾಸಣೆ ಮಾಡುವುದಿಲ್ಲ ಎಂಬುದು ನಮ್ಮ ವೃತ್ತಿಯವರಿಗೆ ಹೊಸ ಮಾತಲ್ಲ.

ಅಂದು ನಡೆದದ್ದು

ಅದು ನವೆಂಬರ್ ತಿಂಗಳು, ಪ್ರವಾಸದ ಹಂಗಾಮಿನ ಆರಂಭ. ಒಂದು ಮಗುವೂ ಸೇರಿ ಐದು ಮಂದಿ ಅತಿಥಿಗಳು, ಇಬ್ಬರು ತರುಣ ಸಹಾಯಕರು ಮತ್ತು ತಾಂಡೇಲರು ದೋಣಿಯಲ್ಲಿದ್ದರು. ತಾಂಡೇಲರು ಕಾರವಾರದ ಕಡೆಯವರು, ಅರವತ್ತು ದಾಟಿದವರು. ಮಂಗಳೂರಿನ ಹೆಂಚು ತುಂಬಿಕೊಂಡು ಮುಂಬಯಿಗೆ ಹೋಗುತ್ತಿದ್ದ ಮಚವೆಗಳಲ್ಲಿ ಯೌವನ ಕಳೆದವರು. ದೋಣಿಯ ಮಾಲೀಕರೂ ಆ ದಿನ ಜೊತೆಗಿದ್ದರು. ಘಟನೆಯ ವಿವರ ನನಗೆ ತಿಳಿದದ್ದು ಅವರಿಂದಲೇ.

ಮಾಂಡೋವಿಯ ಅಳಿವೆಯಿಂದ ಹೊರಟ ದೋಣಿಯು ಅಗ್ವಾಡದ ಭೂಶಿರವನ್ನು ದಾಟಿ ಕರಾವಳಿಗುಂಟ ಉತ್ತರಕ್ಕೆ ಸಾಗುತ್ತಿತ್ತು. ಆ ಋತುವಿನಲ್ಲಿ ಮಧ್ಯಾಹ್ನದ ಮೇಲೆ ವಾಯುವ್ಯದಿಂದ ಕಡಲಗಾಳಿ ಏಳುವುದು ವಾಡಿಕೆ. ಅಂದು ಅದು ನಿರೀಕ್ಷೆಗಿಂತ ಬಲವಾಯಿತು. ಮುಂದಿನ ಹಾಯಿಯನ್ನು ಸುತ್ತಲು ತಾಂಡೇಲರು ಹೇಳಿದರು. ಎರಡು ಸುತ್ತು ಬಂದ ಡ್ರಮ್ ಅಲ್ಲಿಯೇ ನಿಂತಿತು. ಸಹಾಯಕರಿಬ್ಬರೂ ಕೈಯಿಂದ ಎಳೆದು ನೋಡಿದರು. ಅನಂತರ, ತಾಂಡೇಲರು ಬೇಡವೆನ್ನುವುದರೊಳಗೆ, ಹಗ್ಗವನ್ನು ವಿಂಚಿಗೆ ಸುತ್ತಿ ಹಿಡಿಕೆ ತಿರುಗಿಸಿದರು. ವಿಂಚ್ ಮನುಷ್ಯನ ಬಲವನ್ನು ಹತ್ತಾರು ಪಟ್ಟು ಹೆಚ್ಚಿಸುವ ಯಂತ್ರ. ಕೂವೆಮರದ ತುದಿಯಲ್ಲಿ ‘ಟಣ್’ ಎಂಬ ಶಬ್ದವಾಯಿತು, ಕೂಡಲೇ ಮತ್ತೆರಡು. ಕೂವೆಮರದ ತುದಿ ಹಿಂದಕ್ಕೆ ಜಗ್ಗಿತು.

ಭಯಗೊಂಡ ಸಹಾಯಕನೊಬ್ಬ ಹಾಯಿಯನ್ನು ಕೆಳಗಿಳಿಸಿಬಿಡಲು ಹ್ಯಾಲಿಯಾರ್ಡಿಗೆ, ಅಂದರೆ ಹಾಯಿಯನ್ನು ಏರಿಸಿದ ಹಗ್ಗಕ್ಕೆ, ಕೈ ಹಾಕಿದ. ತಾಂಡೇಲರು ಚುಕ್ಕಾಣಿಯನ್ನು ಬಿಡದೆ ಕೂಗಿದರು: “ಅದನ್ನು ಮುಟ್ಟಬೇಡ! ಈಗ ಮರವನ್ನು ಹಿಡಿದಿರೋದು ಅದೊಂದೇ!”

ಆ ಒಂದು ಕೂಗು ದೋಣಿಯನ್ನು ಉಳಿಸಿತು. ಫೋರ್‌ಸ್ಟೇ ದುರ್ಬಲವಾದ ಮೇಲೆ ಕೂವೆಮರವನ್ನು ಮುಂದಿನಿಂದ ಹಿಡಿದಿದ್ದುದು ಆ ಹಗ್ಗ ಮತ್ತು ಹಾಯಿಯ ಅಂಚು ಮಾತ್ರ. ಹಾಯಿಯನ್ನು ಇಳಿಸಿದ್ದರೆ ಉಳಿದ ಆಸರೆಯೂ ತಪ್ಪಿ, ಕೂವೆಮರವು ಹಿಂದಕ್ಕೆ, ಅತಿಥಿಗಳು ಕುಳಿತಿದ್ದೆಡೆಗೇ ಬೀಳುತ್ತಿತ್ತು. ತಾಂಡೇಲರು ದೋಣಿಯನ್ನು ತಿರುಗಿಸಿ ಗಾಳಿಗೆ ಬೆನ್ನು ಕೊಟ್ಟರು. ಆಗ ಗಾಳಿಯೇ ಕೂವೆಮರವನ್ನು ಮುಂದಕ್ಕೆ ಒತ್ತಿ ಹಿಡಿಯುತ್ತದೆ. ಮುರಿದ ತಂತಿಯ ಮೇಲಿನ ಭಾರ ಇಳಿದು, ಹಿಂದಿನ ತಂತಿ ಭಾರ ಹೊರುತ್ತದೆ. ಬಳಿಕ ಬಿಡುವಾಗಿದ್ದ ಇನ್ನೊಂದು ಹ್ಯಾಲಿಯಾರ್ಡನ್ನು ಮೂತಿಯ ಗಟ್ಟಿ ಕೊಂಡಿಗೆ ಕಟ್ಟಿಸಿ, ವಿಂಚಿನಿಂದ ಬಿಗಿಗೊಳಿಸಿದರು. ಎಂಜಿನ್ ಚಾಲೂ ಮಾಡಿ ನಿಧಾನವಾಗಿ ಅಳಿವೆಯೊಳಕ್ಕೆ ಬಂದರು. ಯಾರಿಗೂ ಗಾಯವಾಗಲಿಲ್ಲ. ಮಗುವಿಗೆ ಏನು ನಡೆಯಿತೆಂಬುದೂ ತಿಳಿಯಲಿಲ್ಲವಂತೆ.

ಮೂಲ ಕಾರಣ

ಫರ್ಲರ್ ಸಿಕ್ಕಿಹಾಕಿಕೊಳ್ಳಲು ಮುಖ್ಯವಾಗಿ ಮೂರು ಕಾರಣಗಳಿವೆ. ಡ್ರಮ್ಮಿನ ಹಗ್ಗ ಒಂದರ ಮೇಲೊಂದು ಏರಿ ಸಿಕ್ಕಾಗುವುದು ಮೊದಲನೆಯದು. ಉಪ್ಪು ಮತ್ತು ಮರಳು ಸೇರಿ ಬೇರಿಂಗ್ ಬಿಗಿಯಾಗುವುದು ಎರಡನೆಯದು. ಮೂರನೆಯದು, ಎಲ್ಲಕ್ಕಿಂತ ಅಪಾಯಕಾರಿಯಾದುದು, ಹ್ಯಾಲಿಯಾರ್ಡ್ ಸುತ್ತಿಕೊಳ್ಳುವುದು. ಹಾಯಿ ತಿರುಗುವಾಗ ಅದನ್ನು ಏರಿಸಿದ ಹಗ್ಗ ತಿರುಗಕೂಡದು. ಹಗ್ಗವು ಕೂವೆಮರದ ತುದಿಯಿಂದ ಸ್ವಿವೆಲ್‌ಗೆ ಒಂದು ಕೋನದಲ್ಲಿ ಬಂದರೆ ಅದು ತನ್ನ ಸ್ಥಾನದಲ್ಲಿಯೇ ನಿಲ್ಲುತ್ತದೆ; ಸುಮಾರು 8ರಿಂದ 10 ಡಿಗ್ರಿಯಾದರೂ ಕೋನ ಬೇಕೆಂಬುದು ತಯಾರಕರ ಸಾಮಾನ್ಯ ಸೂಚನೆ. ಹಗ್ಗವು ಫಾಯಿಲಿಗೆ ಸಮಾನಾಂತರವಾಗಿ ಬಂದರೆ ಅದೂ ಹಾಯಿಯೊಡನೆ ತಿರುಗಿ ಫಾಯಿಲನ್ನು ಸುತ್ತಿಕೊಳ್ಳುತ್ತದೆ. ಆಗ ಕೆಳಗಿನಿಂದ ಬಲ ಹಾಕಿದಷ್ಟೂ ತಂತಿಯೇ ತಿರುಚಿಕೊಂಡು, ಅದರ ಎಳೆಗಳು ಹೊಸೆತ ಬಿಚ್ಚಿಕೊಂಡು ಮುರಿಯುತ್ತವೆ. ಆದುದರಿಂದಲೇ ಬಿಗಿಯಾದ ಫರ್ಲರನ್ನು ವಿಂಚಿನಿಂದ ಎಳೆಯಬಾರದೆಂಬುದು ಹಾಯಿದೋಣಿಯವರ ಮೊದಲ ಪಾಠ. ಕಾರಣ ತಿಳಿಯದೆ ಬಲಪ್ರಯೋಗ ಸಲ್ಲದು.

ಹಾಗಾದರೆ ಈ ದೋಣಿಯಲ್ಲಿ ಆ ಕೋನ ಏಕೆ ತಪ್ಪಿತು? ಹಿಂದಿನ ಬೇಸಿಗೆಯಲ್ಲಿ ಹಾಯಿ ಬದಲಿಸಲಾಗಿತ್ತು. ಹಳೆಯ ಹಾಯಿಯ ಹೊಲಿಗೆ ಬಿಸಿಲಿಗೆ ಸತ್ತುಹೋಗಿತ್ತು. ಹೊಸ ಹಾಯಿಯ ದರಪಟ್ಟಿಯೊಂದು, ಬಳಸಿದ ಹಾಯಿಯ ದರಪಟ್ಟಿಯೊಂದು ನಮ್ಮ ಕಚೇರಿಗೆ ಬಂದವು. ಬಳಸಿದ ಹಾಯಿಯ ಬೆಲೆ ಅರ್ಧಕ್ಕಿಂತ ಕಡಿಮೆ. ಅದನ್ನೇ ಕೊಳ್ಳಬಹುದೆಂದು ಸಲಹೆ ನೀಡಿದವನು ನಾನು. ಆದರೆ ಆ ಹಾಯಿ ಬೇರೊಂದು ದೋಣಿಗಾಗಿ ಹೊಲಿದದ್ದು. ಅದರ ಮುಂದಿನ ಅಂಚಿನ ಉದ್ದ ಕಡಿಮೆ. ಹಾಯಿ ಗಿಡ್ಡವಾದಾಗ ಸ್ವಿವೆಲ್ ಕೂವೆಮರದ ತುದಿಯವರೆಗೆ ಏರುವುದಿಲ್ಲ. ಹ್ಯಾಲಿಯಾರ್ಡ್ ಉದ್ದವಾಗಿ ಫಾಯಿಲಿನ ಪಕ್ಕದಲ್ಲಿಯೇ ಜೋಲುತ್ತದೆ. ಇದಕ್ಕೆ ಪರಿಹಾರ ಅತಿ ಸುಲಭ: ಹಾಯಿಯ ತಲೆಗೂ ಸ್ವಿವೆಲ್‌ಗೂ ನಡುವೆ ಅಳತೆಗೆ ತಕ್ಕ ತುಂಡು ತಂತಿಯನ್ನು ಕಟ್ಟಿ ಸ್ವಿವೆಲನ್ನು ಮೇಲಕ್ಕೇರಿಸುವುದು. ಅದರ ವೆಚ್ಚ ಅತ್ಯಲ್ಪ. ಅದನ್ನು ಯಾರೂ ಮಾಡಲಿಲ್ಲ. ಏಕೆಂದರೆ ಯಾರೂ ಅಳೆಯಲಿಲ್ಲ.

ದುರಸ್ತಿಯ ಕ್ರಮ

ಗೋವೆಯ ನುರಿತ ಕೆಲಸಗಾರರೊಬ್ಬರು ಈ ದುರಸ್ತಿಯನ್ನು ನಿರ್ವಹಿಸಿದರು. ವಿಮಾ ಕಾಗದಗಳಿಗಾಗಿ ನಾನೂ ಎರಡು ದಿನ ಅಲ್ಲಿದ್ದೆ. ಅವರು ಅನುಸರಿಸಿದ ಕ್ರಮವನ್ನು ಇಲ್ಲಿ ಕೊಡುತ್ತಿದ್ದೇನೆ. ಯಾವುದೇ ಯಂತ್ರದ ದುರಸ್ತಿಗೂ ಇದು ಮಾದರಿಯಾಗಬಲ್ಲದು.

1. ಮೊದಲು ಆಧಾರ, ಅನಂತರ ಕಳಚುವಿಕೆ. ಎರಡು ಹ್ಯಾಲಿಯಾರ್ಡ್‌ಗಳನ್ನು ಮೂತಿಗೆ ಬಿಗಿದು ಕೂವೆಮರವನ್ನು ಭದ್ರಪಡಿಸುವವರೆಗೆ ಒಂದು ಪಿನ್ನನ್ನೂ ಮುಟ್ಟಲಿಲ್ಲ.

2. ಸಾಕ್ಷ್ಯದ ಸಂಗ್ರಹ. ಮೇಲೇರಿದ ಕೆಲಸಗಾರ ಹಗ್ಗ ಸುತ್ತಿಕೊಂಡ ಸ್ಥಿತಿಯ ಛಾಯಾಚಿತ್ರ ತೆಗೆದ ನಂತರವೇ ಅದನ್ನು ಬಿಡಿಸಿದ.

3. ಹಾಯಿಯನ್ನು ಬಿಚ್ಚಿ, ಫಾಯಿಲ್‌ಸಮೇತ ಫೋರ್‌ಸ್ಟೇಯನ್ನು ಕೆಳಗಿಳಿಸಿ ಕಟ್ಟೆಯ ಮೇಲೆ ನೇರವಾಗಿ ಮಲಗಿಸಲಾಯಿತು. ಫಾಯಿಲಿನ ಮೇಲಿನ ಎರಡು ತುಂಡುಗಳು ತಿರುಚಿದ್ದವು. ಅಲ್ಯುಮಿನಿಯಂ ತುಂಡುಗಳನ್ನು ಸೇರಿಸಿದ ಉಕ್ಕಿನ ತಿರುಪುಗಳ ಸುತ್ತ ಬಿಳಿಯ ಪುಡಿ ಕಂಡಿತು. ಉಪ್ಪುನೀರಿನಲ್ಲಿ ಎರಡು ಭಿನ್ನ ಲೋಹಗಳು ತಾಗಿಕೊಂಡಿದ್ದರೆ ಅಲ್ಯುಮಿನಿಯಂ ಹೀಗೆ ಸವೆಯುತ್ತದೆ. ಮರುಜೋಡಣೆಯಲ್ಲಿ ಪ್ರತಿ ತಿರುಪಿಗೂ ಲೋಹಗಳನ್ನು ಬೇರ್ಪಡಿಸುವ ಲೇಪ ಹಚ್ಚಲಾಯಿತು.

4. ತಂತಿಯ ತಪಾಸಣೆ. ಹತ್ತಿಯ ಬಟ್ಟೆಯಿಂದ ತಂತಿಯನ್ನು ಉದ್ದಕ್ಕೂ ಒರೆಸಿದರೆ, ಮುರಿದ ಎಳೆಯಿದ್ದಲ್ಲಿ ನೂಲು ಸಿಕ್ಕಿಕೊಳ್ಳುತ್ತದೆ. ಬರಿಗೈಯಿಂದ ಒರೆಸಿದವನಿಗೆ ರಕ್ತ ಬರುತ್ತದೆ. ಮೇಲಿನ ಕೊನೆಜೋಡಣೆಯ ಬಾಯಿಯಲ್ಲಿ 19 ಎಳೆಗಳ ಪೈಕಿ 11 ಮುರಿದಿದ್ದವು.

5. ಹೊಸ ತಂತಿಯ ಅಳತೆ. ಹಳೆಯದರ ಉದ್ದವನ್ನು ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ ಅಳೆಯಬೇಕು. ತಂತಿಯನ್ನು ಬಿಗಿಗೊಳಿಸುವ ಟರ್ನ್‌ಬಕಲ್ ಎಷ್ಟು ತಿರುಗಿತ್ತೆಂಬುದನ್ನೂ ಗುರುತು ಮಾಡಿಕೊಳ್ಳಬೇಕು. ಕೊನೆಜೋಡಣೆಗಳಲ್ಲಿ ಎರಡು ಬಗೆ: ಯಂತ್ರದಿಂದ ಒತ್ತಿ ಕೂರಿಸುವುದು ಒಂದು, ಸ್ಪಾನರಿನಿಂದಲೇ ಬಿಗಿದು ಮತ್ತೆ ಬಿಚ್ಚಬಹುದಾದುದು ಇನ್ನೊಂದು. ಕೆಳತುದಿಗೆ ಎರಡನೆಯ ಬಗೆಯನ್ನು ಆರಿಸಲಾಯಿತು. ಮುಂದೆ ಅದನ್ನು ಬಿಚ್ಚಿ ನೋಡಲು ಸಾಧ್ಯವಿರಬೇಕೆಂಬುದೇ ಕಾರಣ.

6. ತುದಿಗಳಲ್ಲಿ ಟಾಗಲ್ ಎಂಬ ಕೀಲುಜೋಡಣೆ ಇದೆಯೇ ಎಂದು ನೋಡಲಾಯಿತು. ಹಾಯಿಯ ಭಾರಕ್ಕೆ ತಂತಿ ಅತ್ತಿತ್ತ ತೂಗುತ್ತದೆ. ಕೀಲಿಲ್ಲದಿದ್ದರೆ ಆ ಬಳುಕು ಪೂರ್ತಿಯಾಗಿ ತಂತಿಯ ಕುತ್ತಿಗೆಯ ಮೇಲೆ ಬೀಳುತ್ತದೆ. ಮೇಲ್ತುದಿಯಲ್ಲಿ ಅದು ಇರಲಿಲ್ಲ, ಹೊಸದಾಗಿ ಸೇರಿಸಲಾಯಿತು.

7. ಗಿಡ್ಡ ಹಾಯಿಯ ತಲೆಗೆ ತುಂಡು ತಂತಿ ಕಟ್ಟಿ ಸ್ವಿವೆಲನ್ನು ಸರಿಯಾದ ಎತ್ತರಕ್ಕೆ ತರಲಾಯಿತು.

8. ಫೋರ್‌ಸ್ಟೇಯ ವಯಸ್ಸೇ ಉಳಿದ ತಂತಿಗಳ ವಯಸ್ಸು. ಆದ್ದರಿಂದ ಅವುಗಳನ್ನೂ ಬದಲಿಸಲಾಯಿತು. ಕೊನೆಗೆ ಒತ್ತಡಮಾಪಕದಿಂದ ಎರಡೂ ಪಕ್ಕದ ಬಿಗಿತವನ್ನು ಸಮಗೊಳಿಸಿ, ಪ್ರತಿಯೊಂದು ಪಿನ್ನಿಗೂ ಹೊಸ ಸ್ಪ್ಲಿಟ್ ಪಿನ್ ಹಾಕಲಾಯಿತು.

ಈ ಕಡೆಯ ಸ್ಪ್ಲಿಟ್ ಪಿನ್ ಕೆಲವೇ ರೂಪಾಯಿಗಳ ವಸ್ತು. ಅದು ಬಿದ್ದುಹೋದರೆ ಪಿನ್ ಜಾರುತ್ತದೆ, ಪಿನ್ ಜಾರಿದರೆ ತಂತಿ ಕಳಚುತ್ತದೆ, ತಂತಿ ಕಳಚಿದರೆ ಕೂವೆಮರ ಬೀಳುತ್ತದೆ.

ಸರ್ವೇಯರರ ಪ್ರಶ್ನೆ

ವಿಮಾ ಸಂಸ್ಥೆ ನೇಮಿಸಿದ ಸರ್ವೇಯರರು ಸೌಮ್ಯ ಸ್ವಭಾವದವರು. ಮುರಿದ ತಂತಿಯ ತುದಿಯನ್ನು ಭೂತಗನ್ನಡಿಯಲ್ಲಿ ನನಗೂ ತೋರಿಸಿದರು. ಏಳು ಎಳೆಗಳ ಮುರಿದ ಮುಖ ಬೆಳ್ಳಿಯಂತೆ ಹೊಳೆಯುತ್ತಿತ್ತು; ಅವು ಅಂದು ಮುರಿದವು. ನಾಲ್ಕು ಎಳೆಗಳ ಮುಖ ಕಂದುಬಣ್ಣಕ್ಕೆ ತಿರುಗಿತ್ತು. ಅವು ಮುರಿದು ಬಹಳ ದಿನಗಳಾಗಿದ್ದವು. ಹಳೆಯ ತಾರೀಖಿನ ವೋಚರುಗಳನ್ನು ಹೊಸ ಶಾಯಿಯಿಂದ ಬೇರ್ಪಡಿಸುವ ನಮ್ಮ ಕೆಲಸವನ್ನೇ ಅವರು ಉಕ್ಕಿನ ಮೇಲೆ ಮಾಡುತ್ತಿದ್ದರು.

ಅನಂತರ ಅವರು ನಿರ್ವಹಣಾ ಕಡತ ಕೇಳಿದರು. ಕಡತದಲ್ಲಿದ್ದುದು ಮೂರು ಕಾಗದ. ಅವುಗಳಲ್ಲೊಂದು ಹಿಂದಿನ ಮಾರ್ಚ್ ತಿಂಗಳಲ್ಲಿ ಬಂದ ರಿಗ್ಗಿಂಗ್ ತಪಾಸಣೆಯ ಅಂದಾಜುಪಟ್ಟಿ. ಅದರ ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಒಂದೇ ಪದವಿತ್ತು: ‘ಮುಂದೂಡಬಹುದು.’ ಆ ಕೈಬರಹ ನನ್ನದು.

ಆ ವರ್ಷ ವ್ಯವಹಾರ ಹೊಸದು, ನಗದು ಬಿಗಿ ಇತ್ತು, ವೆಚ್ಚ ಕಡಿಮೆ ಮಾಡಲು ಮಾಲೀಕರು ನನ್ನ ಸಹಾಯ ಕೇಳಿದ್ದರು, ಇವೆಲ್ಲವೂ ನಿಜ. ಆದರೆ ಮುಂದೂಡಬಹುದೆಂದು ಬರೆಯುವ ಮೊದಲು ನಾನು ತಾಂಡೇಲರನ್ನು ಕೇಳಲಿಲ್ಲ. ಅವರು ಅಕ್ಟೋಬರಿನಲ್ಲಿಯೇ ಮಾಲೀಕರಿಗೆ, “ಸಾವ್ಕಾರ್ರೆ, ಮುಂದಿನ ಹಾಯಿ ಬಿಗೀತಾ ಇದೆ, ಮೇಲೆ ಒಮ್ಮೆ ಹತ್ತಿಸಿ ನೋಡಬೇಕು” ಎಂದಿದ್ದರು. ಆ ಮಾತನ್ನು ಯಾರೂ ಬರೆದಿಡಲಿಲ್ಲ. ಬರೆದಿಡಲು ಪುಸ್ತಕವೇ ಇರಲಿಲ್ಲ.

1963ರ ಭಾರತೀಯ ಸಾಗರ ವಿಮಾ ಕಾಯ್ದೆಯ 55ನೇ ಕಲಮಿನ ಪ್ರಕಾರ, ಪಾಲಿಸಿಯಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಸಹಜ ಸವೆತಕ್ಕೆ ವಿಮಾದಾರರು ಹೊಣೆಯಲ್ಲ. ಅಲ್ಲದೆ ವಿಹಾರದೋಣಿಗಳ ಪಾಲಿಸಿಗಳಲ್ಲಿ ಹಾಯಿ ಮತ್ತು ಹಗ್ಗಗಳ ಪರಿಹಾರದಿಂದ, ಹಳೆಯದಕ್ಕೆ ಹೊಸದು ದೊರೆಯುವುದೆಂಬ ಕಾರಣಕ್ಕೆ, ಮೂರನೆಯ ಒಂದು ಭಾಗದವರೆಗೆ ಕಡಿತ ಮಾಡುವ ಷರತ್ತು ಸಾಮಾನ್ಯ. ನಮ್ಮ ಪ್ರಕರಣದಲ್ಲಿ ತಂತಿ ಮತ್ತು ಕೊನೆಜೋಡಣೆಗಳ ಬಾಬ್ತು ಸವೆತವೆಂದು ತಿರಸ್ಕೃತವಾಯಿತು. ತಿರುಚಿದ ಫಾಯಿಲ್ ಮಂಜೂರಾಯಿತು. ಹರಿದ ಹಾಯಿಗೆ ಕಡಿತದೊಡನೆ ಪರಿಹಾರ ಬಂತು. ಒಟ್ಟಿನಲ್ಲಿ ಕೇಳಿದ ಹಣದ ಅರ್ಧವೂ ಕೈಸೇರಲಿಲ್ಲ. ಸರ್ವೇಯರರ ನಿರ್ಣಯದಲ್ಲಿ ತಪ್ಪು ಹುಡುಕಲು ನನಗೆ ಸಾಧ್ಯವಾಗಲಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ಬೇರೆಯಿತ್ತು. ಬಿಡಿಭಾಗಗಳು ವಿದೇಶದಿಂದ ಬರಬೇಕಾದುದರಿಂದ ಡಿಸೆಂಬರ್ ಮತ್ತು ಜನವರಿ ಪೂರ್ತಿ ದೋಣಿ ಕಟ್ಟೆಯಲ್ಲಿಯೇ ಉಳಿಯಿತು. ವರ್ಷದ ಗಳಿಕೆಯ ಬಹುಪಾಲು ಆ ಎರಡು ತಿಂಗಳದ್ದು. ಆ ನಷ್ಟಕ್ಕೆ ವಿಮೆಯೂ ಇರಲಿಲ್ಲ.

ದುರಸ್ತಿಯೋ ಬಂಡವಾಳವೋ?

ಸದಸ್ಯರಿಗೆ ಉಪಯುಕ್ತವಾದ ತೆರಿಗೆಯ ಅಂಶವೊಂದನ್ನು ಇಲ್ಲಿ ಹೇಳುವುದು ಸೂಕ್ತ. ಆಗ ಅನ್ವಯಿಸುತ್ತಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 31ನೇ ಕಲಂ ಯಂತ್ರ, ಸ್ಥಾವರಗಳ ‘ಚಾಲ್ತಿ ದುರಸ್ತಿ’ಯ ವೆಚ್ಚವನ್ನು ಕಳೆಯಲು ಅವಕಾಶ ಕೊಟ್ಟಿತ್ತು, ಬಂಡವಾಳ ವೆಚ್ಚಕ್ಕೆ ಕೊಟ್ಟಿರಲಿಲ್ಲ. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ಇದರ ಕಸೋಟಿಯನ್ನು ಸ್ಪಷ್ಟಪಡಿಸಿತು. ಇರುವ ಆಸ್ತಿಯನ್ನು ಕಾಪಾಡಿಕೊಳ್ಳಲು ಮಾಡಿದ ವೆಚ್ಚ ಚಾಲ್ತಿ ದುರಸ್ತಿ. ಹೊಸ ಆಸ್ತಿಯನ್ನೋ ಹೊಸ ಅನುಕೂಲವನ್ನೋ ತರುವ ವೆಚ್ಚ ಹಾಗಲ್ಲ. ಗಿರಣಿಯಲ್ಲಿ ರಿಂಗ್ ಫ್ರೇಮ್ ತಾನೇ ಒಂದು ಸ್ವತಂತ್ರ ಯಂತ್ರವಾದುದರಿಂದ ಅದನ್ನು ಪೂರ್ತಿ ಬದಲಿಸುವುದು ಚಾಲ್ತಿ ದುರಸ್ತಿಯಲ್ಲವೆಂದು ಆ ತೀರ್ಪು ಹೇಳಿತು.

ಈ ಕಸೋಟಿಯನ್ನು ಹಾಯಿದೋಣಿಗೆ ಹಚ್ಚಿ ನೋಡೋಣ. ಫೋರ್‌ಸ್ಟೇ ತನ್ನಷ್ಟಕ್ಕೆ ಯಾವ ಕೆಲಸವನ್ನೂ ಮಾಡದು. ದೋಣಿಯ ಅಂಗವಾಗಿ ಮಾತ್ರ ಅದಕ್ಕೆ ಅರ್ಥ. ಅದೇ ಅಳತೆಯ ತಂತಿಯನ್ನು ಹಾಕಿದರೆ ಅದು ದುರಸ್ತಿ. ಅಲ್ಯುಮಿನಿಯಂ ಕೂವೆಮರವನ್ನು ತೆಗೆದು ಹೆಚ್ಚು ಎತ್ತರದ ಕಾರ್ಬನ್ ಕೂವೆಮರ ನಿಲ್ಲಿಸಿದರೆ ಅದು ಬಂಡವಾಳ ವೆಚ್ಚದ ಲಕ್ಷಣ. ನಾವು ತಂತಿಗಳ ವೆಚ್ಚವನ್ನು ದುರಸ್ತಿಯೆಂದೇ ತೋರಿಸಿದೆವು.

ಸವಕಳಿಯ ವಿಷಯದಲ್ಲಿ ಒಂದು ಮಾತು. ಆದಾಯ ತೆರಿಗೆ ನಿಯಮಗಳಲ್ಲಿ ಹಡಗು ಮತ್ತು ದೋಣಿಗಳಿಗೆ ವರ್ಷಕ್ಕೆ ಶೇಕಡಾ 20ರ ದರವಿತ್ತು. ಅದು ಇಡೀ ದೋಣಿಗೆ ಒಂದೇ ದರ. ಆದರೆ ಉಪ್ಪುನೀರು ಈ ದರವನ್ನು ಓದುವುದಿಲ್ಲ. ದೋಣಿಯ ಫೈಬರ್‌ಗ್ಲಾಸ್ ಒಡಲು ದಶಕಗಳ ಕಾಲ ಬಾಳುತ್ತದೆ. ತಂತಿಗಳನ್ನು 10ರಿಂದ 15 ವರ್ಷಗಳೊಳಗೆ ಬದಲಿಸುವುದು ರೂಢಿ. ಹಾಯಿಯ ಬಿಸಿಲುಪಟ್ಟಿ ಇನ್ನೂ ಬೇಗ ಹಾಳಾಗುತ್ತದೆ. ಪರಿಷ್ಕೃತ 10ನೇ ಲೆಕ್ಕಪತ್ರ ಮಾನಕವು ಒಂದು ಆಸ್ತಿಯ ಮುಖ್ಯ ಅಂಗಗಳ ಬಾಳಿಕೆಯನ್ನು ಬೇರೆಬೇರೆಯಾಗಿ ಪರಿಗಣಿಸಬೇಕೆನ್ನುವುದು ಈ ಕಾರಣಕ್ಕಾಗಿಯೇ. ಅದನ್ನು ನಾವು ಕಾಗದದ ಕಟ್ಟಳೆಯೆಂದು ಭಾವಿಸುತ್ತೇವೆ. ವಾಸ್ತವವಾಗಿ ಅದು ಯಾವ ಭಾಗ ಯಾವಾಗ ಸೋಲಬಹುದೆಂಬ ಎಚ್ಚರಿಕೆಯ ಪಟ್ಟಿ.

ದೊಡ್ಡ ಸಮುದ್ರದ ನಿದರ್ಶನ

ನಮ್ಮ ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿಯನ್ನು ಈ ಭಾಗದ ಜನ ಕುಡಿಯುವ ನೀರಿನ ಹೋರಾಟದ ಮೂಲಕ ಬಲ್ಲರು. ಅದೇ ನದಿಯ ಹೆಸರನ್ನು ಹೊತ್ತ ಹಾಯಿದೋಣಿಯೊಂದು ಭೂಮಿಯನ್ನು ಸುತ್ತಿ ಬಂದಿದೆ ಎಂಬುದನ್ನು ಬಹಳ ಮಂದಿ ಅರಿಯರು. ಗೋವೆಯಲ್ಲಿ ನಿರ್ಮಾಣವಾದ ನೌಕಾಪಡೆಯ ‘ಮ್ಹಾದೇಯಿ’ಯಲ್ಲಿ ದಿಲೀಪ್ ದೋಂದೆ 2009ರಿಂದ 2010ರವರೆಗೆ ಒಬ್ಬರೇ ಭೂಪ್ರದಕ್ಷಿಣೆ ಮಾಡಿದರು. 2012–13ರಲ್ಲಿ ಅಭಿಲಾಷ್ ಟೋಮಿ ಅದೇ ದೋಣಿಯಲ್ಲಿ ಎಲ್ಲಿಯೂ ನಿಲ್ಲದೆ ಒಂಟಿಯಾಗಿ ಸುತ್ತಿ ಬಂದರು.

ಅದೇ ಟೋಮಿಯವರು 2018ರ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ, ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ, ಸೆಪ್ಟೆಂಬರ್ 21ರಂದು ‘ತುರಿಯ’ ದೋಣಿಯ ಕೂವೆಮರವನ್ನು ಕಳೆದುಕೊಂಡರು. ಬೆನ್ನಿಗೆ ತೀವ್ರ ಪೆಟ್ಟಾಗಿ ಅಲುಗಾಡಲಾರದೆ ಮಲಗಿದ್ದ ಅವರನ್ನು ಫ್ರಾನ್ಸಿನ ‘ಒಸಿರಿಸ್’ ನೌಕೆಯವರು ಸೆಪ್ಟೆಂಬರ್ 24ರಂದು ರಕ್ಷಿಸಿದರು. ಅದೇ ಬಿರುಗಾಳಿಯಲ್ಲಿ ಕೂವೆಮರ ಕಳೆದುಕೊಂಡ ಐರ್ಲೆಂಡಿನ ಗ್ರೆಗರ್ ಮಕ್‌ಗಕಿನ್ ಉಳಿದ ಸಾಮಗ್ರಿಯಿಂದ ತಾತ್ಕಾಲಿಕ ಹಾಯಿ ಕಟ್ಟಿಕೊಂಡು ಟೋಮಿಯವರ ಕಡೆಗೆ ಸಾಗಿದ್ದರು. ಟೋಮಿಯವರು ಚೇತರಿಸಿಕೊಂಡು 2022ರ ಸೆಪ್ಟೆಂಬರಿನಲ್ಲಿ ಮತ್ತೆ ಅದೇ ಸ್ಪರ್ಧೆಗೆ ಹೊರಟರು. ಹೊರಟ 16 ಮಂದಿಯಲ್ಲಿ ನಿಯಮಾನುಸಾರ ಗುರಿ ಮುಟ್ಟಿದವರು ಮೂವರು ಮಾತ್ರ. 2023ರ ಏಪ್ರಿಲ್ 29ರಂದು ಫ್ರಾನ್ಸಿನ ದಡ ಸೇರಿದ ಟೋಮಿ ಎರಡನೆಯವರಾದರು.

ಈ ಸಾಹಸಿಗಳಿಗೂ ನಮ್ಮ ವಿಹಾರದೋಣಿಗೂ ಹೋಲಿಕೆಯಿಲ್ಲ. ಆದರೂ ಒಂದು ಮಾತು ಎರಡಕ್ಕೂ ಸಲ್ಲುತ್ತದೆ. ಅವರ ಬಿರುಗಾಳಿಯನ್ನು ತಡೆಯುವುದು ಯಾರಿಂದಲೂ ಆಗುತ್ತಿರಲಿಲ್ಲ. ನಮ್ಮ ದೋಣಿಗೆ ಬಿರುಗಾಳಿಯೇ ಬೇಕಾಗಲಿಲ್ಲ. ದಿನನಿತ್ಯದ ಕಡಲಗಾಳಿಯೇ ಸಾಕಾಯಿತು.

ಸದಸ್ಯರಲ್ಲಿ ವಿನಂತಿ

ದೋಣಿ ಇಲ್ಲದ ಸದಸ್ಯರಿಗೂ ಅನ್ವಯಿಸುವ ಕೆಲವು ಸೂಚನೆಗಳೊಂದಿಗೆ ಮುಗಿಸುತ್ತೇನೆ.

ಮೊದಲನೆಯದಾಗಿ, ಪ್ರತಿಯೊಂದು ಮುಖ್ಯ ಯಂತ್ರಕ್ಕೂ ಒಂದು ಪುಸ್ತಕವಿರಲಿ. ಅದರಲ್ಲಿ ಬರೆಯುವ ಹಕ್ಕು ಯಂತ್ರವನ್ನು ನಡೆಸುವವನಿಗೆ ಇರಲಿ. ‘ಬಿಗಿಯಾಗುತ್ತಿದೆ’, ‘ಶಬ್ದ ಬರುತ್ತಿದೆ’ ಎಂಬ ಎರಡು ಪದಗಳ ನಮೂದು ಮುಂದೆ ವಿಮೆಯ ಸರ್ವೇಯರರ ಮುಂದೆ ಬಹುಮೂಲ್ಯವಾದೀತು.

ಎರಡನೆಯದಾಗಿ, ಅಗ್ಗದ ಬದಲಿ ಭಾಗ ಕೊಳ್ಳುವಾಗ ಬೆಲೆಯೊಡನೆ ಅಳತೆಯನ್ನೂ ಹೋಲಿಸಿರಿ. ಅದು ಹೊಂದಿಕೊಳ್ಳಲು ಇನ್ನೇನು ಬೇಕೆಂಬುದನ್ನು ಕೆಲಸ ಬಲ್ಲವರಿಂದ ಬರವಣಿಗೆಯಲ್ಲಿ ಪಡೆಯಿರಿ.

ಮೂರನೆಯದಾಗಿ, ಸಿಕ್ಕಿಕೊಂಡ ಯಂತ್ರಕ್ಕೆ ಹೆಚ್ಚಿನ ಬಲ ಹಾಕುವ ಮೊದಲು ನಿಲ್ಲಿಸಿ ಕಾರಣ ಹುಡುಕುವಂತೆ ಕೆಲಸಗಾರರಿಗೆ ತರಬೇತಿ ಕೊಡಿರಿ. ನಿಲ್ಲಿಸಿದ್ದಕ್ಕಾಗಿ ಯಾರನ್ನೂ ಗದರಿಸಬೇಡಿರಿ.

ನಾಲ್ಕನೆಯದಾಗಿ, ವಿಮಾ ಪಾಲಿಸಿಯ ಅಪವಾದಗಳ ಪುಟವನ್ನು ಕಂತು ಕಟ್ಟುವ ದಿನವೇ ಓದಿರಿ.

ಐದನೆಯ ಸೂಚನೆ ನನ್ನ ವೃತ್ತಿಬಾಂಧವರಿಗೆ. ತಾಂತ್ರಿಕ ವೆಚ್ಚವೊಂದನ್ನು ಮುಂದೂಡಲು ಸಲಹೆ ಕೊಡುವ ಮುನ್ನ ಆ ಯಂತ್ರದೊಡನೆ ದಿನ ಕಳೆಯುವವರನ್ನು ಒಮ್ಮೆ ಮಾತನಾಡಿಸಬೇಕು. ನಾವು ನೋಡುವುದು ಅಂಕಿಗಳನ್ನು. ಅವರು ಕೇಳುವುದು ಶಬ್ದವನ್ನು.

ಆ ದೋಣಿ ಫೆಬ್ರವರಿಯಲ್ಲಿ ಮತ್ತೆ ನೀರಿಗಿಳಿಯಿತು. ಮಾಲೀಕರು ನನ್ನನ್ನೂ ಕರೆದರು. ತಾಂಡೇಲರ ಬಳಿ ಈಗೊಂದು ಉದ್ದನೆಯ ಪುಸ್ತಕವಿತ್ತು. ಸಹಾಯಕ ಹುಡುಗ ಅವರು ಹೇಳಿದ್ದನ್ನು ಅದರಲ್ಲಿ ಬರೆಯುತ್ತಿದ್ದ. ದಡ ಸೇರಿದ ಮೇಲೆ ನಾನು, “ತಾಂಡೇಲರೆ, ತಪ್ಪು ನನ್ನದೂ ಇತ್ತು” ಎಂದೆ. ಅವರು ಹಗ್ಗ ಸುತ್ತುವುದನ್ನು ನಿಲ್ಲಿಸದೆ, “ಇರ್ಲಿ ಸಾರ್. ಮೇಲೆ ಹತ್ತಿ ನೋಡದವರು ಎಲ್ಲರೂ ಪಾಲುದಾರರೇ” ಎಂದರು.

ಅಂದಿನಿಂದ ನಮ್ಮ ಕಚೇರಿಯಲ್ಲಿ ಯಾವ ಅಂದಾಜುಪಟ್ಟಿಯ ಅಂಚಿನಲ್ಲಿಯೂ ಆ ಒಂದು ಪದವನ್ನು ಒಂಟಿಯಾಗಿ ಬರೆಯುವುದಿಲ್ಲ. ಅದರ ಮುಂದೆ ಯಾರನ್ನು ಕೇಳಿದೆವು, ಯಾವ ದಿನಾಂಕದವರೆಗೆ ಮುಂದೂಡಿದೆವು ಎಂಬೆರಡು ವಿವರಗಳನ್ನು ಕಡ್ಡಾಯವಾಗಿ ನಮೂದಿಸುತ್ತೇವೆ. ಹೀಗೆ ಬರೆಯಲು ಕುಳಿತಾಗ ಬಹುತೇಕ ದುರಸ್ತಿಗಳು ಮುಂದೂಡಲ್ಪಡುವುದಿಲ್ಲ.